ಕಿರುರೈಲಿನ ಹಾರ್ನ್‌ಬಿ ಮಹಾಶಯರು



ರೈಲಿಲ್ಲದ ಊರಿನವರು ರೈಲಿನ ಮಾತನ್ನಾಡಹೊರಟರೆ ಕೇಳುವವರಿಗೆ ನಗೆ ಬರುವುದು ಸಹಜ. ನಮ್ಮ ಊರು ಆಲೆಟ್ಟಿ. ದಕ್ಷಿಣಕನ್ನಡ ಜಿಲ್ಲೆಯ ಸುಳ್ಯ ಪೇಟೆಗೆ ಸಮೀಪದಲ್ಲಿ, ಕೇರಳದ ಗಡಿಯ ಕಡೆಗಿರುವ ಗ್ರಾಮ. ಅಡಕೆಯ ತೋಟ, ಗುಡ್ಡ, ಮಳೆಗಾಲದಲ್ಲಿ ಕೆಂಪಾಗಿ ತುಂಬಿ ಹರಿಯುವ ಪಯಸ್ವಿನಿ ಹೊಳೆ, ಇವಿಷ್ಟು ಆ ಸೀಮೆಯ ಐಶ್ವರ್ಯ. ಮಂಗಳೂರಿಗೆ ರೈಲು ಬಂದದ್ದು ೧೯೦೭ರಲ್ಲಿ, ಕಲ್ಲಿಕೋಟೆಯ ಕಡೆಯಿಂದ ಕಡಲ ಕರೆಯನ್ನು ಹಿಡಿದು. ಹಾಸನದಿಂದ ಘಟ್ಟವನ್ನಿಳಿದು ಮಂಗಳೂರನ್ನು ಸೇರುವ ಹಾದಿ ಪೂರ್ತಿಯಾದದ್ದು ೧೯೭೯ರಲ್ಲಿ. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೂ ನಡುವಣ ಸುಮಾರು ೫೫ ಕಿಲೋಮೀಟರಿನಲ್ಲಿ ೫೭ ಸುರಂಗಗಳುಂಟು. ಅಷ್ಟು ಕಲ್ಲನ್ನು ಕೊರೆದು ಬಂದ ಆ ಹಾದಿಯೂ ಸುಳ್ಯವನ್ನು ಮುಟ್ಟದೆ ಕಬಕ ಪುತ್ತೂರಿನ ಮೇಲಿಂದ ಹೊರಟುಹೋಯಿತು. ಆದುದರಿಂದ ನಮ್ಮ ಬಾಲ್ಯದಲ್ಲಿ ರೈಲೆಂದರೆ ಅಡಕೆಯ ಹಾಳೆ. ಮರದಿಂದ ಬಿದ್ದ ಅಗಲವಾದ ಹಾಳೆಯ ಮೇಲೆ ಒಬ್ಬನು ಕುಳಿತುಕೊಳ್ಳುವುದು, ಗರಿಯ ತುದಿಯನ್ನು ಹಿಡಿದು ಇನ್ನೊಬ್ಬನು ಎಳೆಯುವುದು. ಮೂರು ಹಾಳೆಗಳನ್ನು ಬಾಳೆಯ ನಾರಿನಿಂದ ಒಂದಕ್ಕೊಂದು ಬಿಗಿದರೆ ಅದು ಎಕ್ಸ್‌ಪ್ರೆಸ್ ಗಾಡಿ. ಇಳಿಜಾರಿನಲ್ಲಿ ಅದರ ವೇಗವನ್ನು ಕಂಡವರು ಮಾತ್ರ ಬಲ್ಲರು.

ಇಂಥ ಊರಿಗೆ ಬೊಂಬಾಯಿಯಿಂದ ಒಂದು ರಟ್ಟಿನ ಪೆಟ್ಟಿಗೆ ಬಂದಿತ್ತು. ತಂದವರು ನಮ್ಮ ದೊಡ್ಡಜ್ಜನವರು. ಬೊಂಬಾಯಿಯಲ್ಲಿ ಒಂದು ಬಟ್ಟೆಯ ಅಂಗಡಿಯಲ್ಲಿ ಬಹುಕಾಲ ಲೆಕ್ಕ ಬರೆದು, ವಯಸ್ಸಾದ ಮೇಲೆ ಊರಿಗೆ ಮರಳಿದವರು. ಅಂಗಡಿಯ ಯಜಮಾನರ ಮಗನು ಬೆಳೆದು ಬೇಡವೆಂದ ಆಟದ ಸಾಮಾನನ್ನು ಅವರು ಕೇಳಿ ಪಡೆದಿದ್ದರಂತೆ. ಪೆಟ್ಟಿಗೆಯಲ್ಲಿ ಇದ್ದದ್ದು ಕೀಲಿ ಕೊಟ್ಟರೆ ಓಡುವ ನಾಲ್ಕು ಚಕ್ರದ ಒಂದು ಇಂಜಿನು, ಒಂದು ಸರಕಿನ ಬಂಡಿ, ಮತ್ತು ಬಾಗಿದ ಕೆಲವು ಹಳಿಗಳು. ಪೂರ್ಣವೃತ್ತಕ್ಕೆ ಎಷ್ಟು ಹಳಿ ಬೇಕೋ ಅದರಲ್ಲಿ ಅರ್ಧ ಮಾತ್ರ ಇದ್ದವು. ಇಂಜಿನಿನ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಹೆಸರು: ಹಾರ್ನ್‌ಬಿ. ಇದು ಊರಿನ ಹೆಸರೋ, ಇಂಜಿನಿನ ಹೆಸರೋ, ಮನುಷ್ಯನ ಹೆಸರೋ ನಮಗೆ ತಿಳಿಯದು. ಮನುಷ್ಯನ ಹೆಸರೆಂದು ಗೊತ್ತಾದದ್ದು ಕಾಲೇಜಿಗೆ ಸೇರಿದ ಮೇಲೆ. ಆ ಮನುಷ್ಯನೂ ದೊಡ್ಡಜ್ಜನವರಂತೆಯೇ ಇನ್ನೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನೆಂದು ತಿಳಿದಾಗ ನಮಗಾದ ಆಶ್ಚರ್ಯವೇ ಈ ಭಾಷಣಕ್ಕೆ ಕಾರಣ.

ಫ್ರಾಂಕ್ ಹಾರ್ನ್‌ಬಿಯವರು ಹುಟ್ಟಿದ್ದು ೧೮೬೩ನೆಯ ಇಸವಿ ಮೇ ೧೫ರಂದು, ಲಿವರ್‌ಪೂಲ್ ನಗರದಲ್ಲಿ. ಈ ಊರು ರೈಲಿನ ಚರಿತ್ರೆಯಲ್ಲಿ ಸಾಮಾನ್ಯವಾದುದಲ್ಲ. ೧೮೩೦ರಲ್ಲಿ ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ನಡುವೆ ಉಗಿಬಂಡಿ ಓಡತೊಡಗಿದ ಮೇಲೆಯೇ ನಗರದಿಂದ ನಗರಕ್ಕೆ ರೈಲಿನಲ್ಲಿ ಹೋಗುವುದೆಂಬುದು ಲೋಕಕ್ಕೆ ರೂಢಿಯಾದದ್ದು. ಹಾರ್ನ್‌ಬಿಯವರ ತಂದೆ ದಿನಸಿಯ ವ್ಯಾಪಾರಿ. ಹುಡುಗನಿಗೆ ಶಾಲೆಯೆಂದರೆ ಒಲ್ಲದು. ತಪ್ಪಿಸಿಕೊಂಡು ತಿರುಗಿದ್ದೂ ಉಂಟು. ಹದಿನಾರನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ತಂದೆಯ ಅಂಗಡಿಯಲ್ಲಿಯೇ ಹಣದ ಪೆಟ್ಟಿಗೆಯ ಮುಂದೆ ಕುಳಿತರು. ಯಂತ್ರಶಾಸ್ತ್ರವನ್ನು ಅವರಿಗೆ ಯಾರೂ ಕಲಿಸಲಿಲ್ಲ. ಸ್ಯಾಮ್ಯುಯಲ್ ಸ್ಮೈಲ್ಸ್ ಎಂಬಾತನು ೧೮೫೯ರಲ್ಲಿ ಬರೆದ, ಸ್ವಸಹಾಯವನ್ನು ಕುರಿತ ಪುಸ್ತಕವೊಂದು ಆ ಕಾಲದ ಹುಡುಗರಿಗೆ ಪುರಾಣದಂತೆ ಇತ್ತು. ಕಷ್ಟಪಟ್ಟು ಮೇಲೆ ಬಂದ ಶಿಲ್ಪಿಗಳ, ಸಂಶೋಧಕರ ಕಥೆಗಳು ಅದರಲ್ಲಿದ್ದವು. ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುವ ನಮ್ಮಂಥವರು ಆ ಪುಸ್ತಕವನ್ನು ಇಂದು ತುಟಿಯ ತುದಿಯಲ್ಲಿ ನಗುತ್ತ ಹೆಸರಿಸುತ್ತೇವೆ. ಆದರೆ ಅದನ್ನು ಓದಿ ಅಂಗಡಿಯ ಹುಡುಗನೊಬ್ಬನು ನಿದ್ರೆ ಬಿಟ್ಟು, ಎಂದಿಗೂ ನಿಲ್ಲದೆ ತಿರುಗುವ ಯಂತ್ರವನ್ನು ಮಾಡಹೊರಟನೆಂಬುದೂ ನಿಜ. ಆ ಯಂತ್ರ ಆಗಲಿಲ್ಲ; ಯಾರಿಂದಲೂ ಆಗತಕ್ಕದ್ದಲ್ಲ.

೧೮೮೭ರಲ್ಲಿ ಅವರಿಗೆ ಮದುವೆಯಾಯಿತು. ಪತ್ನಿ ಶಾಲೆಯ ಉಪಾಧ್ಯಾಯಿನಿಯಾಗಿದ್ದವರು. ೧೮೯೯ರಲ್ಲಿ ತಂದೆ ತೀರಿಕೊಂಡರು, ಅಂಗಡಿ ಮುಚ್ಚಿತು. ಮೂವತ್ತಾರನೆಯ ವಯಸ್ಸಿನಲ್ಲಿ ಹಾರ್ನ್‌ಬಿಯವರು ಡೇವಿಡ್ ಹ್ಯೂ ಎಲಿಯಟ್ ಎಂಬ ಮಾಂಸದ ಆಮದು ವ್ಯಾಪಾರಿಯ ಕಚೇರಿಯಲ್ಲಿ ಲೆಕ್ಕದ ಗುಮಾಸ್ತರಾಗಿ ಸೇರಿದರು. ಆ ವಯಸ್ಸಿಗೆ ಬಂದ ಗುಮಾಸ್ತನಿಂದ ಲೋಕವು ಹೊಸದೇನನ್ನೂ ನಿರೀಕ್ಷಿಸುವುದಿಲ್ಲ. ಆತನೂ ನಿರೀಕ್ಷಿಸುವುದನ್ನು ಬಿಟ್ಟಿರುತ್ತಾನೆ.

ಮನೆಯಲ್ಲಿ ರೋಲೆಂಡ್, ಡಗ್ಲಸ್ ಎಂಬ ಇಬ್ಬರು ಗಂಡುಮಕ್ಕಳು. ಸಂಜೆ ಅವರಿಗಾಗಿ ತಗಡನ್ನು ಕತ್ತರಿಸಿ ಸೇತುವೆ, ಬಂಡಿ, ಭಾರ ಎತ್ತುವ ಕ್ರೇನು ಇವುಗಳನ್ನು ಮಾಡಿಕೊಡುವುದು ತಂದೆಯ ವಿನೋದ. ಒಂದನ್ನು ಮಾಡಿ ಮುಗಿಸುವಷ್ಟರಲ್ಲಿ ಮಕ್ಕಳಿಗೆ ಇನ್ನೊಂದು ಬೇಕು. ಸೇತುವೆಗಾಗಿ ಕತ್ತರಿಸಿದ ತಗಡು ಕ್ರೇನಿಗೆ ಒದಗುವುದಿಲ್ಲ. ಮತ್ತೆ ಮೊದಲಿನಿಂದ ಕತ್ತರಿಸಬೇಕು. ಒಂದು ಕ್ರಿಸ್‌ಮಸ್ಸಿನ ಹಿಂದಿನ ದಿನ ರೈಲಿನಲ್ಲಿ ದೂರ ಪ್ರಯಾಣ ಮಾಡುತ್ತಿದ್ದಾಗ ಇದಕ್ಕೆ ಪರಿಹಾರ ಹೊಳೆಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಎಲ್ಲ ತುಂಡುಗಳೂ ಒಂದೇ ಅಳತೆಯವಾದರೆ? ಅರ್ಧ ಅಂಗುಲ ಅಗಲದ ಪಟ್ಟಿ. ಅದರಲ್ಲಿ ಅರ್ಧ ಅಂಗುಲಕ್ಕೊಂದರಂತೆ ಸಾಲಾಗಿ ರಂಧ್ರ. ಜೋಡಿಸುವುದಕ್ಕೆ ತಿರುಪುಮೊಳೆ, ಅದಕ್ಕೊಂದು ನಟ್ಟು. ಬೇಡವಾದಾಗ ಬಿಚ್ಚಬಹುದು, ಅದೇ ಪಟ್ಟಿಯಿಂದ ಬೇರೊಂದನ್ನು ಕಟ್ಟಬಹುದು.

ಕೇಳುವುದಕ್ಕೆ ಇದು ಸಾಮಾನ್ಯವಾಗಿ ತೋರುತ್ತದೆ. ಇದರಲ್ಲಿ ಅಡಗಿರುವ ಜಾಣ್ಮೆಯನ್ನು ನಾವು ಸ್ವಲ್ಪ ನಿಂತು ನೋಡಬೇಕು. ಅದೇ ರಂಧ್ರದಲ್ಲಿ ಮೊಳೆಯನ್ನು ತೂರಿ ಬಿಗಿದರೆ ಎರಡು ಪಟ್ಟಿಗಳು ಅಲುಗಾಡದೆ ನಿಲ್ಲುತ್ತವೆ. ಅದೇ ರಂಧ್ರದಲ್ಲಿ ಕಂಬಿಯನ್ನು ತೂರಿ ಬಿಗಿಯದೆ ಬಿಟ್ಟರೆ ಅದು ತಿರುಗುವ ಅಚ್ಚಾಗುತ್ತದೆ. ಅಚ್ಚಿಗೆ ಚಕ್ರ, ಚಕ್ರಕ್ಕೆ ಹಲ್ಲು. ಎಂದರೆ, ನಿಲ್ಲುವುದಕ್ಕೂ ಚಲಿಸುವುದಕ್ಕೂ ಒಂದೇ ರಂಧ್ರ ಸಾಕಾಯಿತು. ರಂಧ್ರಗಳ ಅಂತರ ಎಲ್ಲೆಲ್ಲೂ ಸಮವಾಗಿರುವುದರಿಂದ ಯಾವ ಹಲ್ಲುಚಕ್ರವು ಯಾವುದರೊಡನೆ ಕೂಡುತ್ತದೆಂಬುದು ಮೊದಲೇ ಗೊತ್ತು. ಕಟ್ಟಡಶಿಲ್ಪ, ಯಂತ್ರಶಿಲ್ಪ ಎಂಬ ಎರಡು ವಿದ್ಯೆಗಳ ಅಡಿಪಾಯವನ್ನು ಎಂಟು ವರ್ಷದ ಹುಡುಗನ ಕೈಗೆ ಸಿಗುವಂತೆ ಮಾಡಿದವರು ಇವೆರಡನ್ನೂ ಓದದ ಲೆಕ್ಕದ ಗುಮಾಸ್ತರು. ಖರ್ಚಿನ ಪುಟವೂ ಜಮೆಯ ಪುಟವೂ ಕೊನೆಯಲ್ಲಿ ಒಂದಕ್ಕೊಂದು ಸರಿಹೊಂದಲೇಬೇಕೆಂಬ ಅವರ ವೃತ್ತಿಯ ಹಟವೇ ಇದಕ್ಕೆ ನೆರವಾಯಿತೋ ಏನೋ. ಇದು ನಮ್ಮ ಊಹೆ.

೧೯೦೧ರ ಜನವರಿಯಲ್ಲಿ ಅವರು ಇದಕ್ಕೆ ಪೇಟೆಂಟನ್ನು ಪಡೆದರು. ಅದಕ್ಕೆ ಬೇಕಾದ ೫ ಪೌಂಡು ಕೈಯಲ್ಲಿರಲಿಲ್ಲ. ಯಜಮಾನ ಎಲಿಯಟ್ಟರಿಂದ ಸಾಲ ಮಾಡಿದರು. ಯಜಮಾನರು ಹಣವನ್ನು ಕೊಟ್ಟದ್ದಲ್ಲದೆ ಪಕ್ಕದಲ್ಲಿ ಖಾಲಿಯಿದ್ದ ಸ್ಥಳವನ್ನೂ ಬಿಟ್ಟುಕೊಟ್ಟು ಪಾಲುದಾರರಾದರು. ಗುಮಾಸ್ತನ ಹುಚ್ಚಿಗೆ ಹಣ ಹೂಡುವ ಯಜಮಾನರು ಎಲ್ಲ ಕಾಲದಲ್ಲಿಯೂ ವಿರಳ. ಲಿವರ್‌ಪೂಲಿನ ವಿಶ್ವವಿದ್ಯಾನಿಲಯದಲ್ಲಿ ಯಂತ್ರಶಿಲ್ಪದ ಪ್ರಾಧ್ಯಾಪಕರಾಗಿದ್ದ ಹೀಲ್-ಶಾ ಎಂಬ ವಿದ್ವಾಂಸರು ಇದನ್ನು ನೋಡಿ ಮೆಚ್ಚಿ ಬರೆದುಕೊಟ್ಟರು. ೧೯೦೨ರಲ್ಲಿ ಮೊದಲ ಪೆಟ್ಟಿಗೆ ಪೇಟೆಗೆ ಬಂತು. ಬೆಲೆ ಏಳೂವರೆ ಷಿಲ್ಲಿಂಗು. ಒಳಗೆ ೧೬ ಬಗೆಯ ಬಿಡಿಭಾಗಗಳು, ೧೨ ಮಾದರಿಗಳನ್ನು ಕಟ್ಟುವ ಕ್ರಮವನ್ನು ತಿಳಿಸುವ ಒಂದು ಚಿಕ್ಕ ಹಾಳೆ. ಮೊದಮೊದಲು ಈ ತಗಡು ಒರಟಾಗಿತ್ತು, ತುಕ್ಕು ಹಿಡಿಯುತ್ತಿತ್ತು. ಲಾಭವೆಂಬುದನ್ನು ಕಂಡದ್ದು ೧೯೦೬ರಲ್ಲಿ. ೧೯೦೭ರಲ್ಲಿ, ಎಂದರೆ ನಮ್ಮ ಮಂಗಳೂರಿಗೆ ಮೊದಲ ರೈಲು ಬಂದ ವರ್ಷದಲ್ಲಿಯೇ, ಹಾರ್ನ್‌ಬಿಯವರು ಗುಮಾಸ್ತಿಕೆಯನ್ನು ಬಿಟ್ಟರು. ತಮ್ಮ ಸಾಮಗ್ರಿಗೆ ಮೆಕ್ಯಾನೋ ಎಂಬ ಹೆಸರನ್ನು ನೋಂದಾಯಿಸಿದರು. ಮರುವರ್ಷ ಆ ಹೆಸರಿನ ಕಂಪೆನಿ ಸ್ಥಾಪಿತವಾಯಿತು. ೧೯೧೪ರಲ್ಲಿ ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ೧೯೧೬ರಲ್ಲಿ ಹುಡುಗರಿಗಾಗಿ ಒಂದು ಪತ್ರಿಕೆಯೂ ಹೊರಟಿತು. ಕಂಪೆನಿಯ ಸರಕನ್ನು ಮಾರುವುದು ಅದರ ಮೊದಲ ಉದ್ದೇಶವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸೇತುವೆ, ಹಡಗು, ಸುರಂಗ, ವಿಮಾನ ಇವುಗಳ ವಿಷಯವನ್ನು ಹುಡುಗರಿಗೆ ಹುಡುಗತನದ ಮಾತಿನಲ್ಲಲ್ಲದೆ ನೇರವಾಗಿ ತಿಳಿಸುವ ಪತ್ರಿಕೆಗಳು ಎಷ್ಟಿದ್ದವು? ಕನ್ನಡದ ಮಟ್ಟಿಗೆ ಕೇಳಿದರೆ, ಈಗಲಾದರೂ ಎಷ್ಟಿವೆ?

ರೈಲು ಬಂದದ್ದು ಇದಾದ ಮೇಲೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ಮಕ್ಕಳ ಆಟದ ರೈಲುಗಳು ಬಹುಮಟ್ಟಿಗೆ ಜರ್ಮನಿಯಿಂದ ಬರುತ್ತಿದ್ದವು. ನ್ಯೂರೆಂಬರ್ಗಿನ ಬಿಂಗ್, ಗೋಪಿಂಗೆನ್ ಊರಿನ ಮಾರ್ಕ್ಲಿನ್ ಇವು ಆ ಕಸುಬಿನ ದೊಡ್ಡ ಹೆಸರುಗಳು. ಯುದ್ಧದಿಂದ ಆ ದಾರಿ ಮುಚ್ಚಿತು. ಯುದ್ಧ ಮುಗಿದ ಮೇಲೂ ಜರ್ಮನಿಯ ಸರಕನ್ನು ಕೊಳ್ಳಲು ಜನರಿಗೆ ಮನಸ್ಸಿರಲಿಲ್ಲ. ೧೯೨೦ರಲ್ಲಿ ಹಾರ್ನ್‌ಬಿಯವರ ಹೆಸರನ್ನೇ ಹೊತ್ತ ಕೀಲಿಯ ರೈಲು ಹೊರಬಂತು. ಮಾನವರ ಕಲಹದಿಂದ ಮಕ್ಕಳ ಆಟದ ಸಾಮಾನು ಹುಟ್ಟಿದುದಕ್ಕೆ ಇದೊಂದು ವಿಚಿತ್ರ ನಿದರ್ಶನ.

ಆ ಮೊದಲ ರೈಲಿನ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಅದರ ಇಂಜಿನನ್ನೂ ಬಂಡಿಗಳನ್ನೂ ಮೊಳೆ ನಟ್ಟುಗಳಿಂದಲೇ ಜೋಡಿಸಿದ್ದರು. ಹುಡುಗನು ಬಯಸಿದರೆ ಪೂರ್ತಿಯಾಗಿ ಬಿಚ್ಚಿ ಮತ್ತೆ ಕಟ್ಟಬಹುದಾಗಿತ್ತು. ಬಿಚ್ಚುವುದನ್ನು ಅಪರಾಧವೆಂದು ಎಣಿಸದೆ ಅದಕ್ಕೆ ಅವಕಾಶವನ್ನಿಟ್ಟೇ ಕಳುಹಿಸಿದ ಆಟದ ಸಾಮಾನು ಅದು. ಮುಂದೆ ವರ್ಷಗಳು ಕಳೆದಂತೆ ಈ ಗುಣ ಕಡಮೆಯಾಯಿತು. ತಗಡಿನ ಕಿವಿಗಳನ್ನು ಮಡಿಸಿ ಜೋಡಿಸುವುದು ಅಗ್ಗ, ಬೇಗ; ಆದ್ದರಿಂದ ರೈಲು ಕಟ್ಟುವ ವಸ್ತುವಾಗಿ ಉಳಿಯದೆ ಕೊಳ್ಳುವ ವಸ್ತುವಾಯಿತು. ೧೯೨೫ರಲ್ಲಿ ವಿದ್ಯುತ್ತಿನಿಂದ ಓಡುವ ರೈಲು ಬಂತು. ಮೊದಲು ಮನೆಯ ದೀಪಕ್ಕೆ ಬರುವ ವಿದ್ಯುತ್ತಿನ ಬಲದಲ್ಲಿಯೇ ಅದನ್ನು ಓಡಿಸಹೋಗಿ, ಅದು ಮಕ್ಕಳಿಗೆ ಅಪಾಯವೆಂಬ ಮಾತು ಎದ್ದ ಮೇಲೆ ಕಡಮೆ ವೋಲ್ಟಿಗೆ ಇಳಿದರು. ಇದು ಹಾರ್ನ್‌ಬಿಯವರ ಕೀರ್ತಿಗೆ ಸೇರುವ ಅಧ್ಯಾಯವಲ್ಲ. ಅವರ ಪೆಟ್ಟಿಗೆಗಳ ಮೇಲೆ, ಪತ್ರಿಕೆಯ ಪುಟಗಳಲ್ಲಿ, ಎಲ್ಲೆಲ್ಲಿಯೂ ಕರೆ ಹುಡುಗರಿಗೆ. ಹುಡುಗಿಯರಿಗೆ ಅಲ್ಲಿ ಸ್ಥಾನ ಬಹಳ ಕಡಮೆ. ಬಡವರ ಮನೆಗೆ ಆ ಬೆಲೆ ಎಟುಕುತ್ತಲೂ ಇರಲಿಲ್ಲ. ಇವನ್ನು ಹೇಳದೆ ಹೊಗಳಿದರೆ ಸ್ಮರಣೆ ಹೋಗಿ ಸ್ತೋತ್ರವಾದೀತು.

ಅದು ಹಾಗಿರಲಿ. ಅವರ ಬಿಡಿಭಾಗಗಳು ಎಲ್ಲಿಯವರೆಗೆ ಹೋದವೆಂಬುದಕ್ಕೆ ಒಂದು ಸಂಗತಿ. ೧೯೩೪ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಡಗ್ಲಸ್ ಹಾರ್ಟ್ರೀ ಎಂಬ ವಿಜ್ಞಾನಿಗಳೂ ಆರ್ಥರ್ ಪೋರ್ಟರ್ ಎಂಬ ಅವರ ಶಿಷ್ಯರೂ ಕೂಡಿ, ಕಷ್ಟವಾದ ಗಣಿತದ ಸಮೀಕರಣಗಳನ್ನು ಬಿಡಿಸುವ ಯಂತ್ರವೊಂದರ ಮಾದರಿಯನ್ನು ಬಹುಮಟ್ಟಿಗೆ ಮೆಕ್ಯಾನೋ ಭಾಗಗಳಿಂದಲೇ ಕಟ್ಟಿದರು. ವೆಚ್ಚ ಸುಮಾರು ೨೦ ಪೌಂಡು. ಆಟದ ಸಾಮಾನಿನಿಂದ ಕಟ್ಟಿದ ಆ ಯಂತ್ರವು ಪರಮಾಣುಗಳ ರಚನೆಗೆ ಸಂಬಂಧಿಸಿದ ನಿಜವಾದ ಲೆಕ್ಕಗಳನ್ನು ಮಾಡಿಕೊಟ್ಟಿತು. ಇಂದಿನ ಗಣಕಯಂತ್ರಗಳ ವಂಶಾವಳಿಯನ್ನು ಬರೆಯುವವರು ಈ ಯಂತ್ರವನ್ನು ಬಿಡುವಂತಿಲ್ಲ. ಲೆಕ್ಕ ಬರೆಯುತ್ತಿದ್ದವನ ತಗಡಿನ ಪಟ್ಟಿಗಳು ಕೊನೆಗೆ ತಾವೇ ಲೆಕ್ಕ ಮಾಡತೊಡಗಿದುವು.

ಹಾರ್ನ್‌ಬಿಯವರು ಲಕ್ಷಾಧೀಶರಾದರು, ೧೯೩೧ರಲ್ಲಿ ಲಿವರ್‌ಪೂಲಿನ ಎವರ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೂ ಹೋದರು. ಅಲ್ಲಿ ಅವರು ಮಾಡಿದ್ದರ ವಿಷಯವಾಗಿ ನಾವು ನಿಮ್ಮ ಕಾಲವನ್ನು ಕಳೆಯಬೇಕಾಗಿಲ್ಲ. ಆರೋಗ್ಯ ಕೆಟ್ಟು, ೧೯೩೬ನೆಯ ಇಸವಿ ಸೆಪ್ಟೆಂಬರ್ ೨೧ರಂದು ತೀರಿಕೊಂಡರು. ಹೃದಯದ ವ್ಯಾಧಿ, ಜೊತೆಗೆ ಮಧುಮೇಹ. ಎರಡು ವರ್ಷಗಳ ಮೇಲೆ, ೧೯೩೮ರಲ್ಲಿ, ಅವರ ಕಂಪೆನಿಯು ಹಳಿಗಳ ಅಂತರವನ್ನು ಅರ್ಧಕ್ಕಿಳಿಸಿ, ಮೇಜಿನ ಮೇಲೆಯೇ ಹಾಸಬಹುದಾದ ಪುಟ್ಟ ರೈಲನ್ನು ತಂದಿತು. ಇಂದು ಲೋಕದಲ್ಲಿ ಹವ್ಯಾಸಿಗಳು ಹೆಚ್ಚಾಗಿ ಓಡಿಸುವುದು ೧೬.೫ ಮಿಲಿಮೀಟರಿನ ಆ ಅಂತರದ ಹಳಿಗಳ ಮೇಲೆಯೇ. ಸ್ಥಾಪಕರು ಅದನ್ನು ನೋಡಲಿಲ್ಲ. ಕಂಪೆನಿ ೧೯೬೪ರಲ್ಲಿ ಪರರ ಕೈಸೇರಿತು. ಬಿನ್ಸ್ ರಸ್ತೆಯ ಕಾರ್ಖಾನೆ ೧೯೭೯ರಲ್ಲಿ ಮುಚ್ಚಿಹೋಯಿತು. ನಮ್ಮ ಘಟ್ಟದ ರೈಲುಹಾದಿ ತೆರೆದ ವರ್ಷವೂ ಅದೇ, ಮೈಸೂರಿನಲ್ಲಿ ರೈಲ್ವೆಯ ವಸ್ತುಸಂಗ್ರಹಾಲಯ ತೆರೆದ ವರ್ಷವೂ ಅದೇ. ಹಾರ್ನ್‌ಬಿ ಎಂಬ ಹೆಸರಿನ ರೈಲುಗಳು ಬೇರೆಯವರ ಕೈಯಲ್ಲಿ ಈಗಲೂ ಬರುತ್ತಿವೆ.

ಈಗ ಆಲೆಟ್ಟಿಗೆ ಮರಳೋಣ. ಅರ್ಧವೃತ್ತದ ಹಳಿಯನ್ನು ಕುರಿತು ಹೇಳಿದೆವಷ್ಟೆ. ಕೀಲಿ ಕೊಟ್ಟು ಬಿಟ್ಟರೆ ಇಂಜಿನು ಭರ್ರೆಂದು ಅರ್ಧ ಸುತ್ತು ಬಂದು ಜಗಲಿಯ ಸಗಣಿನೆಲಕ್ಕೆ ಮೂಗನ್ನು ಊರುತ್ತಿತ್ತು. ಪೇಟೆಯಲ್ಲಿ ಅಂಥ ಹಳಿ ದೊರೆಯದು. ಅಡಕೆ ಮರದ ದಬ್ಬೆಯನ್ನು ಸೀಳಿ, ನಯವಾಗಿ ಕೆತ್ತಿ, ಎರಡು ತುದಿಗಳಿಗೂ ನೇರವಾದ ಹಳಿಗಳನ್ನು ನಾವೇ ಸೇರಿಸಿದೆವು. ಒಟ್ಟಿಗೆ ಲಾಳದ ಆಕಾರವಾಯಿತು. ಇಂಜಿನು ತಗಡಿನಿಂದ ಮರಕ್ಕೆ ದಾಟಿದೊಡನೆಯೇ ಪಕ್ಕಕ್ಕೆ ಉರುಳಿತು. ಮತ್ತೆ ಇಟ್ಟರೆ ಮತ್ತೆ ಉರುಳಿತು. ನಾವು ಇಂಜಿನನ್ನು ಬೈದೆವು. ದೊಡ್ಡಜ್ಜನವರು ಕನ್ನಡಕವನ್ನೇರಿಸಿ, ಬಂದು ಕುಳಿತು, ತಗಡಿನ ಹಳಿಗಳ ನಡುವಣ ಅಂತರವನ್ನು ಅಳೆದು, ಒಂದೂಕಾಲು ಅಂಗುಲದ ಬಿದಿರಿನ ತುಂಡೊಂದನ್ನು ಕತ್ತರಿಸಿ ನಮ್ಮ ಕೈಗೆ ಕೊಟ್ಟರು. ಗೇಣಿಗೊಂದು ಕಡೆ ಈ ಕಡ್ಡಿಯನ್ನಿಟ್ಟು ನೋಡು, ಎಲ್ಲಿ ಸಡಿಲವೋ ಎಲ್ಲಿ ಬಿಗಿಯೋ ಅದು ಹೇಳುತ್ತದೆ, ಎಂದರು. ಅಂದಿನ ಸಂಜೆ ಇಂಜಿನು ಮರದ ಹಳಿಯ ಮೇಲೆ ಅಂಗಳದ ಅಂಚಿನವರೆಗೂ ಓಡಿತು. ಗೇಜು ಎಂಬ ಮಾತಿನ ಅರ್ಥ ನಮಗಾದದ್ದು ಅಂದು. ಮುಂದೆ ಎಷ್ಟೋ ವರ್ಷಗಳ ಮೇಲೆ ಹಾಸನ ಮಂಗಳೂರಿನ ರೈಲು ಗೇಜಿನ ಪರಿವರ್ತನೆಗಾಗಿ ನಿಂತಾಗ, ಒಂದು ಮೀಟರಿಗೂ ೧೬೭೬ ಮಿಲಿಮೀಟರಿಗೂ ನಡುವಣ ಆ ವ್ಯತ್ಯಾಸ ಎಂಥದೆಂದು ನಮಗೆ ಯಾರೂ ವಿವರಿಸಬೇಕಾಗಲಿಲ್ಲ.

೧೯೮೯ರಲ್ಲಿ, ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗ, ಸಮೀಪದ ಅರಂಬೂರಿನಲ್ಲಿ ಪಯಸ್ವಿನಿಯ ಮೇಲೆ ತೂಗುಸೇತುವೆಯೊಂದು ಎದ್ದಿತು. ಕಟ್ಟಿದವರು ಸುಳ್ಯದ ಯಂತ್ರಶಿಲ್ಪಿಗಳಾದ ಗಿರೀಶ್ ಭಾರದ್ವಾಜ್ ಅವರು; ಅಂಥ ಸೇತುವೆಗಳಲ್ಲಿ ಅದೇ ಅವರ ಮೊದಲನೆಯದು. ಮುಂದೆ ಹಳ್ಳಿಗಳಲ್ಲಿ ಇಂಥವನ್ನು ನೂರಕ್ಕೂ ಮಿಗಿಲಾಗಿ ಕಟ್ಟಿದರು; ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಮಳೆಗಾಲದ ಹೊಳೆಯನ್ನು ದಾಟಲು ದೋಣಿಯೊಂದನ್ನೇ ನಂಬಿದವರಿಗೆ ಅದು ಎಂಥ ಕೊಡುಗೆಯೆಂದು ನಗರವಾಸಿಗಳಿಗೆ ಹೇಳಿ ತಿಳಿಸುವುದು ಕಷ್ಟ. ದೊಡ್ಡಜ್ಜನವರು ನಮ್ಮನ್ನು ಕೈಹಿಡಿದು ಅದರ ಮೇಲೆ ನಡೆಸಿದರು. ಜನ ಹೊಳೆಯನ್ನು ನೋಡುತ್ತಿದ್ದರೆ ಅವರು ತಂತಿಯ ಹಗ್ಗಗಳನ್ನು ಹಿಡಿದ ಬೋಲ್ಟುಗಳನ್ನು ನೋಡುತ್ತಿದ್ದರು. ಎಲ್ಲ ಒಂದೇ ಅಳತೆ, ನೋಡಿದೆಯಾ, ಎಂದರು. ಆಗ ನಮಗೆ ಅದು ಮುದುಕರ ಮಾತಾಗಿ ತೋರಿತು.

ಇದಾದ ಎರಡು ವರ್ಷಗಳಲ್ಲಿ ನಾವು ಆ ಇಂಜಿನನ್ನು ಕೊಂದೆವು. ಹೀಗೆ ಹೇಳುವುದಕ್ಕೆ ಈಗಲೂ ಸಂಕೋಚವಾಗುತ್ತದೆ. ಕೀಲಿ ಕೊಟ್ಟರೆ ಒಳಗೆ ಏನಾಗುತ್ತದೆಂಬುದನ್ನು ಕಾಣಬೇಕೆಂಬ ಹಂಬಲ. ದೊಡ್ಡಜ್ಜನವರು ಸುಳ್ಯದ ಸಂತೆಗೆ ಹೋದ ದಿನ ಹೊದಿಕೆಯ ತಿರುಪುಗಳನ್ನು ಒಂದೊಂದಾಗಿ ಕಳಚಿ, ಹಲ್ಲುಚಕ್ರಗಳನ್ನು ಹಿಡಿದಿದ್ದ ಫಲಕಗಳನ್ನು ಸಡಿಲಿಸಿದೆವು. ಸುರುಳಿಯಾಗಿ ಬಿಗಿದು ಕುಳಿತಿದ್ದ ಉಕ್ಕಿನ ಸ್ಪ್ರಿಂಗು ಹಾವಿನಂತೆ ಹೊರಕ್ಕೆ ಹಾರಿ ಅಂಗೈಯನ್ನು ಸೀಳಿತು. ಆ ಗುರುತು ಈಗಲೂ ಇದೆ. ಸ್ಪ್ರಿಂಗಿನ ಕೊಕ್ಕೆ ಮುರಿದಿತ್ತು. ಮತ್ತೆ ಜೋಡಿಸುವ ನಮ್ಮ ಪ್ರಯತ್ನ ವ್ಯರ್ಥವಾಯಿತು. ಬಿಚ್ಚುವುದಕ್ಕೂ ಕಟ್ಟುವುದಕ್ಕೂ ಇರುವ ಅಂತರವನ್ನು ಹತ್ತನೆಯ ವಯಸ್ಸಿನವರು ತಿಳಿದಿರುವುದಿಲ್ಲ.

ಸಂಜೆ ದೊಡ್ಡಜ್ಜನವರು ಬಂದರು. ಕೈಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ ನೋಡಿ, ಮತ್ತೆ ಕಟ್ಟಿದರು. ಬೈಯಲಿಲ್ಲ. ನೆಲದ ಮೇಲೆ ಹರಡಿದ್ದ ಭಾಗಗಳನ್ನೆಲ್ಲ ಒಂದು ಬಿಳಿಯ ಪಂಚೆಯ ಮೇಲೆ ಸಾಲಾಗಿ ಇರಿಸಿ ಎಣಿಸತೊಡಗಿದರು. ತಿರುಪು ಎಂಟು ಇರಬೇಕು, ಏಳು ಇವೆ, ಎಂದರು. ಲಾಂದ್ರವನ್ನು ಹಿಡಿದು ಆ ರಾತ್ರಿ ನಾವಿಬ್ಬರೂ ಜಗಲಿಯ ಸಂದುಗೊಂದುಗಳನ್ನೆಲ್ಲ ಹುಡುಕಿದೆವು. ಸಿಕ್ಕಲಿಲ್ಲ. ಮರುದಿನ ಅಂಗಳದ ಮಣ್ಣನ್ನು ಸಾರಣಿಸಿ ನೋಡಿದೆವು. ಇಂಜಿನು ಓಡದೆಂಬುದು ಅವರಿಗೆ ತಿಳಿದಿತ್ತು. ಆದರೂ ಎಂಟನೆಯದು ಸಿಕ್ಕದೆ ಹೋದದ್ದು ಅವರನ್ನು ಇಂಜಿನಿಗಿಂತ ಹೆಚ್ಚಾಗಿ ಬಾಧಿಸಿತೆಂದು ನಮಗೆ ತೋರಿತು. ಬೊಂಬಾಯಿಯಲ್ಲಿ ಕಂಡಷ್ಟು ದೊಡ್ಡ ಇಂಜಿನುಗಳನ್ನು ಇನ್ನು ಕಾಣೆನೆಂದೋ ಏನೋ, ಈ ಸಣ್ಣದರಲ್ಲಿ ಅವರ ಮನಸ್ಸು ನೆಟ್ಟಿತ್ತು. ವಯಸ್ಸಾದ ಮೇಲೆ ಒಂದೇ ಆಸೆಯನ್ನು ಹೇಳುತ್ತಿದ್ದರು: ನೆಟ್ಟಣದಲ್ಲಿ ರೈಲು ಹತ್ತಿ, ಆ ಸುರಂಗಗಳನ್ನು ಎಣಿಸುತ್ತ ಘಟ್ಟವನ್ನೇರಬೇಕು. ನಾವು ಕರೆದುಕೊಂಡು ಹೋಗುವ ವಯಸ್ಸಿಗೆ ಬಂದಾಗ ಹಾದಿ ಪರಿವರ್ತನೆಗಾಗಿ ಮುಚ್ಚಿತ್ತು. ೧೯೯೬ರಲ್ಲಿ ನಿಂತ ಗಾಡಿಗಳಲ್ಲಿ ಸರಕಿನವು ೨೦೦೬ರಲ್ಲಿ, ಪ್ರಯಾಣಿಕರವು ೨೦೦೭ರ ಡಿಸೆಂಬರಿನಲ್ಲಿ ಮತ್ತೆ ಹೊರಟವು. ಆ ಹನ್ನೊಂದು ವರ್ಷಗಳ ನಡುವೆ ದೊಡ್ಡಜ್ಜನವರು ತೀರಿಕೊಂಡರು.

ನಾವು ಆ ಘಟ್ಟವನ್ನು ರೈಲಿನಲ್ಲಿ ಏರಿದ್ದು ೨೦೦೮ರಲ್ಲಿ, ಒಬ್ಬಂಟಿಯಾಗಿ. ಸುರಂಗಗಳನ್ನು ಎಣಿಸುತ್ತ ಹೋದೆವು. ನಡುವೆ ಎಲ್ಲಿಯೋ ಹೊರಗಣ ಝರಿಯೊಂದನ್ನು ನೋಡುತ್ತ ಲೆಕ್ಕ ತಪ್ಪಿತು, ಐವತ್ತನಾಲ್ಕಕ್ಕೆ ನಿಂತಿತು. ದೊಡ್ಡಜ್ಜನವರಿಗೆ ಹೀಗಾಗುತ್ತಿರಲಿಲ್ಲ.

ಹಾರ್ನ್‌ಬಿಯವರ ಚರಿತ್ರೆಯನ್ನು ಓದಿದಾಗ ಆ ಮೊದಲ ರೈಲು ಬಿಚ್ಚಿ ಕಟ್ಟುವುದಕ್ಕೆಂದೇ ಮಾಡಿದ್ದೆಂಬ ವಿಷಯವನ್ನು ಕಂಡು ನಮ್ಮ ಮನಸ್ಸು ಸ್ವಲ್ಪ ಹಗುರಾಯಿತೆಂದು ಒಪ್ಪಿಕೊಳ್ಳುತ್ತೇವೆ. ನಮ್ಮ ಇಂಜಿನು ಆ ಬಗೆಯದಾಗಿರಲಿಲ್ಲ. ಅದು ಮುಂದಿನ ಕಾಲದ ಅಗ್ಗದ ಕಟ್ಟಡ. ಆದರೆ ಬಿಚ್ಚುವ ಕೈಯನ್ನು ಕಂಡು ಸ್ಥಾಪಕರು ಕೋಪಿಸುತ್ತಿರಲಿಲ್ಲವೆಂದು ನಂಬುವುದಕ್ಕೆ ಆಧಾರವುಂಟು. ಕೈ ಸೀಳಿದುದಕ್ಕೆ ಮರುಗುತ್ತಿದ್ದರು. ಬಳಿಕ, ಎಲ್ಲ ಭಾಗಗಳೂ ಇವೆಯೇ ಎಂದು ಕೇಳುತ್ತಿದ್ದರು. ಲೆಕ್ಕದವರ ಜಾತಿಯೇ ಹಾಗೆ.

ರಟ್ಟಿನ ಪೆಟ್ಟಿಗೆ ಈಗ ಕಾಲೇಜಿನಲ್ಲಿ ನಮ್ಮ ಕೊಠಡಿಯ ಕಪಾಟಿನಲ್ಲಿದೆ. ವಿಜ್ಞಾನದ ವಿದ್ಯಾರ್ಥಿಗಳು ಒಮ್ಮೊಮ್ಮೆ ಬಂದು ಕೇಳಿ ನೋಡುತ್ತಾರೆ. ಮುಟ್ಟಬಹುದೇ ಎಂದು ಕೇಳುವವರೇ ಹೆಚ್ಚು. ಕೇಳದೆ ಕೈಗೆತ್ತಿಕೊಂಡು ಚಕ್ರವನ್ನು ತಿರುಗಿಸಿ ನೋಡಿದವಳು ಇದುವರೆಗೆ ಒಬ್ಬಳೇ. ಕೊಕ್ಕೆಯನ್ನು ಕಾಯಿಸಿ ಮತ್ತೆ ಬಾಗಿಸಬಹುದೆಂದು ಅವಳ ಅಭಿಪ್ರಾಯ. ಬೇಸಗೆಯ ರಜೆಗೆ ಕೊಂಡುಹೋಗಲು ಅನುಮತಿಯನ್ನು ಕೇಳಿದ್ದಾಳೆ, ಕೊಟ್ಟಿದ್ದೇವೆ. ಭಾಗಗಳನ್ನು ಎಣಿಸಿ ಕೊಡುವಾಗ ಪೆಟ್ಟಿಗೆಯ ತಳದಲ್ಲಿದ್ದ ಹಾಳೆಯನ್ನು ಅವಳಿಗೆ ತೋರಿಸಿದೆವು. ದೊಡ್ಡಜ್ಜನವರ ಗುಂಡು ಅಕ್ಷರಗಳಲ್ಲಿ ಎಲ್ಲ ಭಾಗಗಳ ಪಟ್ಟಿ ಅದು: ಚಕ್ರ, ಅಚ್ಚು, ಫಲಕ, ಸ್ಪ್ರಿಂಗು ಮುರಿದದ್ದು, ತಿರುಪು ಏಳು. ಅದರ ಕೆಳಗೆ, ಲೆಕ್ಕದ ಪುಸ್ತಕದಲ್ಲಿ ಬರೆಯುವ ಕ್ರಮದಲ್ಲಿಯೇ, ಇನ್ನೊಂದು ಸಾಲು: ತಿರುಪು ಒಂದು, ಬರತಕ್ಕ ಬಾಕಿ.